ಕಬ್ಬಿನ ಗಾಣಕ್ಕೆ ಯಾವ ಬೋಲ್ಟು?

ಪ್ರಶ್ನೆ: ನಮ್ಮದು ಒಂದು ಆಲೆಮನೆ. ಗಾಣದ ಚೌಕಟ್ಟಿನ ಬೋಲ್ಟುಗಳೂ ಕಬ್ಬಿನ ಹಾಲು ಹರಿಯುವ ತಟ್ಟೆಯ ಬೋಲ್ಟುಗಳೂ ತುಕ್ಕು ಹಿಡಿದು, ರಿಪೇರಿಯ ಹೊತ್ತಿಗೆ ಬಿಚ್ಚಲು ಬರುವುದಿಲ್ಲ. ದುಬಾರಿಯಾದರೂ ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಬಹುದೇ?
– ಓದುಗರು, ಪಾಂಡವಪುರ

ಉತ್ತರ: ತಟ್ಟೆಗೆ ಬದಲಾಯಿಸಿ, ಚೌಕಟ್ಟಿಗೆ ಬೇಡ. ಸ್ಟೇನ್‌ಲೆಸ್ ಎಂದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆಯಾದರೂ ಅದು ಸರಿಯಲ್ಲ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಉಕ್ಕಿನ ಬೋಲ್ಟು ಸುಮಾರು 640 ಮೆಗಾಪಾಸ್ಕಲ್ ಎಳೆತದವರೆಗೆ ಹಿಗ್ಗಿ ಕೆಡುವುದಿಲ್ಲ; ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಮಿತಿ 450. ಜಲ್ಲೆಗಳು ಒಮ್ಮೆಲೇ ಸಿಕ್ಕಿಕೊಂಡಾಗ ಉರುಳೆಗಳು ಚೌಕಟ್ಟನ್ನು ಅಗಲಿಸಲು ನೋಡುವುದರಿಂದ, ಅಲ್ಲಿ ಹೆಚ್ಚು ಹಣ ಕೊಟ್ಟು ಕಡಿಮೆ ಬಲವನ್ನು ಕೊಂಡಂತಾಗುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ 8.8 ಬೋಲ್ಟು ಚೌಕಟ್ಟಿಗೆ ಸೂಕ್ತ. ಹೊಳೆಯುವ ಸಾದಾ ಸತುವಿನ ಲೇಪ ಕೆಲವೇ ಮೈಕ್ರಾನ್ ಇದ್ದರೆ, ಅದ್ದಿದ ಲೇಪ ನಲವತ್ತು ಮೈಕ್ರಾನಿಗೂ ಹೆಚ್ಚಿರುತ್ತದೆ. ಈ ದಪ್ಪದಿಂದಾಗಿ ಸಾಮಾನ್ಯ ನಟ್ಟು ಕೂರುವುದಿಲ್ಲ. ಜೊತೆಗೆ ಕೊಡುವ, ಮರೆಯನ್ನು (ಒಳಗಿನ ತಿರುಪಿನ ಗೆರೆಗಳನ್ನು) ತುಸು ಸಡಿಲವಾಗಿ ಕೊರೆದ ನಟ್ಟನ್ನೇ ಕೇಳಿ ಪಡೆಯಬೇಕು.

ಹಾಲು ತಾಗುವ ತಟ್ಟೆ ಮತ್ತು ತೊಟ್ಟಿಗಳಲ್ಲಿ ಮಾತ್ರ ಸತು ಕೂಡದು. ಕಬ್ಬಿನ ಹಾಲು ಸ್ವಭಾವತಃ ಹುಳಿ, ನಿಂತಷ್ಟೂ ಇನ್ನಷ್ಟು ಹುಳಿಯಾಗುತ್ತದೆ. ಅದರಲ್ಲಿ ಸತು ಕರಗಿ ಬೆಲ್ಲಕ್ಕೆ ಸೇರುತ್ತದೆ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಹಾಕಿ; ಬೋಲ್ಟಿನ ಮೇಲೆ ಇದರ ಗುರುತು ಎ2. ಮಾಲಿಬ್ಡಿನಂ ಬೆರೆತ 316 ಉಪ್ಪುಗಾಳಿಯ ಕರಾವಳಿಗೆ ಬೇಕಾದದ್ದು, ನಿಮಗೆ ಆ ಖರ್ಚು ವ್ಯರ್ಥ. ತಟ್ಟೆಯೇ ಸ್ಟೇನ್‌ಲೆಸ್ ಆಗಿದ್ದು ಬೋಲ್ಟು ಮಾತ್ರ ಸಾದಾ ಕಬ್ಬಿಣದ್ದಾಗಿದ್ದರೆ, ತೇವದಲ್ಲಿ ಎರಡು ಲೋಹಗಳ ನಡುವೆ ಹರಿಯುವ ವಿದ್ಯುತ್ತಿನಿಂದ ಆ ಪುಟ್ಟ ಬೋಲ್ಟು ಬಹುಬೇಗ ಸವೆಯುತ್ತದೆ. ನಿಮ್ಮ ತೊಂದರೆಯ ಮೂಲ ಇದೇ ಇರಬಹುದು.

ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ರಭಸದಿಂದ ಬಿಗಿದರೆ ಮರೆಗಳು ಉಜ್ಜಿ ಬೆಸೆದುಕೊಂಡು, ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆಹಾರ ಯಂತ್ರಗಳಿಗೆಂದೇ ಮಾಡಿದ ಗ್ರೀಸ್ ಸವರಿ ನಿಧಾನವಾಗಿ ತಿರುಗಿಸಿ.

ಕೊಳ್ಳುವಾಗ, ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್ ಎನ್ನುವ ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿ. ತಣ್ಣಗೇ ಒತ್ತಿ ರೂಪಿಸಿದ ಅಸಲಿ 304 ಬೋಲ್ಟು ತುಸು ಅಂಟಬಹುದು, ಬೇಗ ತುಕ್ಕು ಹಿಡಿಯುವ ಅಗ್ಗದ 202 ದರ್ಜೆಯ ಸ್ಟೇನ್‌ಲೆಸ್ ಅಂಟದೆಯೂ ಇರಬಹುದು. ತಲೆಯ ಮೇಲಿನ ಎ2-70 ಗುರುತನ್ನು ನೋಡಿ, ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ.