ಮಾಲಾ-ಎನ್ ಒಂದು ದಿನವೂ ಬಿಟ್ಟಿಲ್ಲ, ಆದರೂ ಮುಟ್ಟಾಗಿಲ್ಲ

ಪ್ರಶ್ನೆ: ನನಗೆ 24 ವರ್ಷ. ಸಿಂಧನೂರು ತಾಲೂಕಿನ ಒಂದು ಹಳ್ಳಿ. ಒಂದೂವರೆ ವರ್ಷದ ಮಗ ಇದ್ದಾನೆ. ಮೂರು ತಿಂಗಳಿಂದ ಟಿಬಿ ಗುಳಿಗೆ ನುಂಗುತ್ತಿದ್ದೇನೆ. ಕೆಮ್ಮು ಹೋಗಿದೆ, ಊಟ ಸೇರುತ್ತಿದೆ. ಇನ್ನೊಂದು ಮಗು ಈಗಲೇ ಬೇಡ ಅಂತ ಆಶಾ ಅಕ್ಕ ಕೊಟ್ಟ ಮಾಲಾ-ಎನ್ ಕೂಡ ತಗೊಳ್ತೇನೆ. ಒಂದು ರಾತ್ರಿಯೂ ಬಿಟ್ಟಿಲ್ಲ. ಗಂಡ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಯುಗಾದಿಗೆ ಬಂದು ಹೋದರು. ಈ ಸಲ ಮಾಲಾ-ಎನ್‌ನ ಕೊನೆಯ ಕಂದು ಗುಳಿಗೆ ಮುಗಿದರೂ ಮುಟ್ಟಾಗಿಲ್ಲ. ಹಿಂದಿನ ತಿಂಗಳು ನಡುನಡುವೆ ಸ್ವಲ್ಪ ರಕ್ತ ಕಾಣಿಸಿತ್ತು. ಅತ್ತೆ, ‘ಟಿಬಿ ಗುಳಿಗಿ ಉಷ್ಣ, ಒಂದು ವಾರ ಬಿಡು, ತಾನೇ ಆಗ್ತದ’ ಅಂತಾರೆ. ಬಸಿರಾಗಿದ್ದರೆ ನಾನೇ ಗುಳಿಗೆ ತಪ್ಪಿಸಿದೆ ಅಂತ ಗಂಡ ಬೈತಾರೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಒಂದು ಮಾತು. ಟಿಬಿ ಗುಳಿಗೆ ಬಿಡಬೇಡಿ. ಒಂದು ವಾರ ಅಲ್ಲ, ಒಂದು ದಿನವೂ ಬೇಡ. ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಜಗ್ಗದ ಹಾಗೆ ಗಟ್ಟಿಯಾಗಬಹುದು. ಆಮೇಲೆ ಆರು ತಿಂಗಳಲ್ಲಿ ಮುಗಿಯುವ ಚಿಕಿತ್ಸೆ ಇನ್ನೂ ಎಳೆದಾಡುತ್ತದೆ.

ಈಗ ಮುಟ್ಟಿನ ವಿಷಯ. ಟಿಬಿ ಔಷಧಿಯಲ್ಲಿ ರಿಫಾಂಪಿಸಿನ್ ಅಂತ ಒಂದಿದೆ. ಶುರುವಿನಲ್ಲಿ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತ್ತಲ್ವಾ? ಅದು ಇದರದ್ದೇ ಕೆಲಸ. ಈ ರಿಫಾಂಪಿಸಿನ್ ನಮ್ಮ ಲಿವರ್ ಜೋರಾಗಿ ಕೆಲಸ ಮಾಡುವ ಹಾಗೆ ಮಾಡುತ್ತದೆ. ಮಾಲಾ-ಎನ್‌ನಲ್ಲಿರುವ ಹಾರ್ಮೋನನ್ನು ಲಿವರ್ ಬೇಗ ಬೇಗ ಕರಗಿಸಿಬಿಡುತ್ತದೆ. ಎಡದಂಡೆ ಕಾಲುವೆಯ ನೀರನ್ನು ಮೇಲಿನವರೇ ಎಳೆದುಕೊಂಡರೆ ಕೊನೆಯ ಹೊಲಕ್ಕೆ ಏನು ಸಿಗುತ್ತದೆ, ನಿಮಗೇ ಗೊತ್ತು. ನೀವು ದಿನಾ ನುಂಗಿದ್ದೀರಿ, ಆದರೆ ಮೈಗೆ ದಕ್ಕಿದ್ದು ಕಡಿಮೆ. ನಡುನಡುವೆ ರಕ್ತ ಕಾಣಿಸಿತ್ತು ಅಂತ ಬರೆದಿದ್ದೀರಲ್ಲ, ಅದು ಹಾರ್ಮೋನು ಸಾಲುತ್ತಿಲ್ಲ ಅನ್ನುವುದರ ಸೂಚನೆ ಇರಬಹುದು.

ಹಾಗಾಗಿ ಬಸಿರಿನ ಸಾಧ್ಯತೆ ನಿಜಕ್ಕೂ ಇದೆ. ತಪ್ಪು ನಿಮ್ಮದಲ್ಲ. ಮಾಲಾ-ಎನ್ ಕೊಟ್ಟವರು ಟಿಬಿ ಇದೆಯಾ ಅಂತ ಕೇಳಬೇಕಿತ್ತು. ಟಿಬಿ ಗುಳಿಗೆ ಕೊಟ್ಟವರು ಮಕ್ಕಳಾಗದಿರಲು ಏನು ತಗೊಳ್ತೀರಿ ಅಂತ ಕೇಳಬೇಕಿತ್ತು. ನಮ್ಮ ಕಡೆ ಟಿಬಿ ಅಂದರೆ ಕೆಮ್ಮು, ತೂಕ, ಕಫ ಇಷ್ಟನ್ನೇ ಕೇಳ್ತಾರೆ. ಹೆಣ್ಣುಮಗಳಿಗೆ ಮುಟ್ಟೂ ಇದೆ ಅನ್ನೋದು ಯಾರಿಗೂ ನೆನಪಾಗೋದಿಲ್ಲ.

ಆಶಾ ಅಕ್ಕನ ಹತ್ತಿರ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಕೇಳಿ, ಪುಕ್ಕಟೆ ಕೊಡ್ತಾರೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಗಂಡ ಬೆಂಗಳೂರಿಗೆ ವಾಪಸ್ ಹೋಗಿ ಮೂರು ವಾರ ದಾಟಿದ್ದರೆ ಉತ್ತರವನ್ನು ನಂಬಬಹುದು. ದಾಟಿಲ್ಲ ಅಂದರೆ, ಒಂದೇ ಗೆರೆ ಬಂದರೂ ವಾರ ಬಿಟ್ಟು ಇನ್ನೊಮ್ಮೆ ನೋಡಿ. ಟಿಬಿ ಗುಳಿಗೆಯಿಂದ ಸುಳ್ಳು ಗೆರೆ ಬೀಳುತ್ತೆ ಅನ್ನೋ ಹೆದರಿಕೆ ಬೇಡ.

ಎರಡು ಗೆರೆ ಬಂದರೆ ಬಸಿರು ಅಂತ ಅರ್ಥ, ಮಾಲಾ-ಎನ್ ನಿಲ್ಲಿಸಿ. ಗೊತ್ತಿಲ್ಲದೆ ಇಷ್ಟು ದಿನ ನುಂಗಿದ್ದರಿಂದ ಮಗುವಿಗೆ ಊನ ಆಗುವುದಿಲ್ಲ. ಟಿಬಿ ಗುಳಿಗೆ ಮುಂದುವರಿಸಿ. ನಿಮಗೆ ಕೊಡುತ್ತಿರುವಂಥ ಮಾಮೂಲಿ ಟಿಬಿ ಔಷಧಿಗಳನ್ನು ಬಸುರಿಯರಿಗೂ ಕೊಡುತ್ತಾರೆ. ತಾಯಿಯ ಟಿಬಿ ವಾಸಿಯಾಗದೆ ಉಳಿದರೆ ಮಗುವಿಗೆ ಅದರಿಂದಲೇ ಜಾಸ್ತಿ ಅಪಾಯ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮಾತ್ರ ಮಗುವಿನ ಕಿವಿಗೆ ಪೆಟ್ಟು ಕೊಡಬಹುದು, ಅದಕ್ಕೇ ಬಸುರಿ ಅಂತ ಟಿಬಿ ವಿಭಾಗದಲ್ಲಿ ತಕ್ಷಣ ಹೇಳಬೇಕು.

ಈ ಬಸಿರು ಬೇಡ ಅನಿಸಿದರೆ ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಗರ್ಭನಿರೋಧಕ ಕೈಕೊಟ್ಟರೆ 20 ವಾರದವರೆಗೆ ಗರ್ಭ ತೆಗೆಸಬಹುದು. ವಯಸ್ಕಳಾದ ನಿಮ್ಮ ಸಹಿ ಸಾಕು, ಗಂಡನ ಸಹಿ ಬೇಕಿಲ್ಲ. ತಡ ಮಾಡಿದಷ್ಟೂ ಕಷ್ಟ. ಮೆಡಿಕಲ್ ಶಾಪಿನಿಂದ ಸುಮ್ನೆ ಗುಳಿಗೆ ತಂದು ನುಂಗಬೇಡಿ, ತಾಲೂಕು ಆಸ್ಪತ್ರೆಗೆ ಹೋಗಿ.

ಬಸಿರಿಲ್ಲ ಅಂತ ಖಾತ್ರಿಯಾದರೂ ಇನ್ನು ಮಾಲಾ-ಎನ್ ನಂಬಿ ಕೂರಬೇಡಿ. ಟಿಬಿ ಚಿಕಿತ್ಸೆ ಮುಗಿದ ಮೇಲೂ ನಾಲ್ಕು ವಾರ ರಿಫಾಂಪಿಸಿನ್ ಪ್ರಭಾವ ಇರುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್‌ಗೆ ಈ ತೊಂದರೆ ಇಲ್ಲ. ಕಾಪರ್-ಟಿಗೂ ಇಲ್ಲ, ಆದರೆ ಟಿಬಿ ಗರ್ಭಕೋಶದ ಭಾಗದಲ್ಲಿ ಇರಬಾರದು. ಅಲ್ಲಿಯವರೆಗೆ ನಿರೋಧ್.

ಇದನ್ನು ಓದಿ ಉಳಿದವರು ಗಾಬರಿಯಾಗಬೇಡಿ. ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್, ಬಿಳಿಸೆರಗಿಗೆ ಕೊಡುವ ಮೆಟ್ರೊನಿಡಜೋಲ್ ಇವೆಲ್ಲ ಹೀಗೆ ಮಾಡುವುದಿಲ್ಲ. ಜ್ವರದ ಸುಸ್ತಿನಿಂದ, ಚಿಂತೆಯಿಂದ ಮುಟ್ಟು ಕೆಲವು ದಿನ ಹಿಂದೆಮುಂದೆ ಆಗಬಹುದು, ಪಾಪ ಬೈಸಿಕೊಳ್ಳೋದು ಔಷಧಿ. ಗಜಕರ್ಣಕ್ಕೆ ಕೊಡುವ ಗ್ರಿಸಿಯೊಫುಲ್ವಿನ್ ಮಾತ್ರ ಬೇರೆ. ಅದನ್ನು ನುಂಗುವವರು, ನಿಲ್ಲಿಸಿದ ಮೇಲೆ ಒಂದು ತಿಂಗಳಾದರೂ ಬಸಿರಾಗಬಾರದು.

ಇನ್ನು ಗಂಡನ ವಿಷಯ. ಫೋನಿನಲ್ಲಿ ಹೀಗೆ ಹೇಳಿ: ‘ಟಿಬಿ ಗುಳಿಗಿ ಜೊತಿ ಮಾಲಾ-ಎನ್ ಕೆಲಸ ಮಾಡಂಗಿಲ್ಲಂತ. ನಾ ತಪ್ಪಿಸಿಲ್ಲ, ಯಾರೂ ನನಗ ಹೇಳಿಲ್ಲ.’ ನಂಬದಿದ್ದರೆ ಟಿಬಿ ಡಾಕ್ಟರ ಎದುರಿಗೇ ಫೋನ್ ಹಚ್ಚಿ ಕೊಡಿ. ಅತ್ತೆಗೆ ಡಾಕ್ಟರ್ ‘ಬಿಡಬಾರದು’ ಅಂದಿದ್ದಾರೆ ಅಂದರೆ ಸಾಕು. ಉಷ್ಣದ ವಾದಕ್ಕೆ ಇಳಿಯಬೇಡಿ, ಅದರಲ್ಲಿ ಯಾವ ಸೊಸೆಯೂ ಗೆದ್ದಿಲ್ಲ.

ಆಸ್ಪತ್ರೆಗೆ ಹೋಗುವಾಗ ಎರಡೂ ಗುಳಿಗೆಯ ಸ್ಟ್ರಿಪ್ ತಗೊಂಡು ಹೋಗಿ. ಇನ್ನೊಂದು, ಮರೆಯಬೇಡಿ. ವಾಂತಿ ಶುರುವಾದರೆ ಬಸುರಿ ವಾಂತಿ ಅಂತ ಮನೆಯಲ್ಲೇ ಕೂರಬೇಡಿ. ಟಿಬಿ ಔಷಧಿ ಲಿವರ್‌ಗೆ ತಾಕಿದರೂ ವಾಂತಿ ಬರುತ್ತದೆ. ಜೊತೆಗೆ ಕಣ್ಣು ಹಳದಿಯಾದರೆ, ಇಲ್ಲವೇ ಕಿಬ್ಬೊಟ್ಟೆಯ ಒಂದೇ ಬದಿ ಜೋರು ನೋವು ಬಂದರೆ, ಆಶಾ ಅಕ್ಕ ಬರುವವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೊರಡಿ.