ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡೇ? – ಗಣಿತ ಕಲಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗಳು ಐದನೇ ತರಗತಿ. 1/2 + 1/3 ಕೊಟ್ಟರೆ 2/5 ಎಂದು ಬರೆಯುತ್ತಾಳೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದು ಕೂಡಿಸುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಮುಂದಿನ ವಾರ ಮತ್ತೆ ಅದೇ ತಪ್ಪು. ಏನು ಮಾಡಲಿ?
– ತಾಯಿಯೊಬ್ಬರು, ಶಿವಮೊಗ್ಗ

ಲ.ಸಾ.ಅ. ಸದ್ಯಕ್ಕೆ ಬದಿಗಿರಲಿ. ಮೊದಲು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: 2/5 ಅರ್ಧಕ್ಕಿಂತ ದೊಡ್ಡದೋ, ಚಿಕ್ಕದೋ? ಐದರಲ್ಲಿ ಅರ್ಧವೆಂದರೆ ಎರಡೂವರೆ. ಎರಡು ಅದಕ್ಕಿಂತ ಕಡಿಮೆ. ಅಲ್ಲಿಗೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಬಂದದ್ದು ಅರ್ಧಕ್ಕಿಂತ ಕಡಿಮೆ! ಇದು ಮಗುವಿಗೆ ತಾನಾಗಿಯೇ ವಿಚಿತ್ರ ಅನ್ನಿಸಬೇಕು. ಅನ್ನಿಸದಿದ್ದರೆ ತೊಂದರೆ ಕೂಡುವ ವಿಧಾನದಲ್ಲಿಲ್ಲ. ಆಕೆ 1/3 ಅನ್ನು ಒಂದು ಸಂಖ್ಯೆಯಾಗಿ ನೋಡುತ್ತಲೇ ಇಲ್ಲ. ಗೆರೆಯ ಮೇಲೊಂದು, ಕೆಳಗೊಂದು ಎಂದು ಎರಡು ಸಂಖ್ಯೆಗಳನ್ನು ನೋಡುತ್ತಿದ್ದಾಳೆ. ಹಾಗಾಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುತ್ತಾಳೆ.

ಒಂದು ಎ4 ಹಾಳೆ ತೆಗೆದುಕೊಳ್ಳಿ. ಅಗಲ 21 ಸೆಂ.ಮೀ., ಉದ್ದ 29.7. ಉದ್ದಕ್ಕೆ 3 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿದರೆ ಸರಿಯಾಗಿ ಏಳು ಬರುತ್ತವೆ. ಏಳನ್ನೂ 24 ಸೆಂ.ಮೀ.ಗೆ ಮೊಟಕು ಮಾಡಿ. ಒಂದು ಪಟ್ಟಿ ಇಡಿಯಾಗಿಯೇ ಇರಲಿ. ಉಳಿದ ಆರನ್ನು ಕ್ರಮವಾಗಿ 12, 8, 6, 4, 3, 2 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ. ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಂಟನೇ ಒಂದು, ಹನ್ನೆರಡನೇ ಒಂದು ಎಲ್ಲವೂ ಸಿದ್ಧ. ಒಂದೊಂದಕ್ಕೆ ಒಂದೊಂದು ಬಣ್ಣ ಬಳಿಯಲಿ. ಅಳೆಯುವುದು, ಕತ್ತರಿಸುವುದು ಮಗಳ ಕೆಲಸ, ನಿಮ್ಮದಲ್ಲ.

ಈಗ ಇಡೀ ಪಟ್ಟಿಯ ಮೇಲೆ ಅರ್ಧದ ತುಂಡು, ಅದರ ಪಕ್ಕಕ್ಕೆ ಮೂರನೇ ಒಂದರ ತುಂಡು ಇಡಿಸಿ. ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಯಾವ ತುಂಡು ಸರಿಯಾಗಿ ಕೂರುತ್ತದೆ? ಆರನೇ ಒಂದು. ಅಂದರೆ ಉತ್ತರ ಇಡಿಗಿಂತ ಆರನೇ ಒಂದು ಕಡಿಮೆ, 5/6. ಆಮೇಲೆ ಅರ್ಧದ ತುಂಡನ್ನು ಆರನೇ ಒಂದರ ತುಂಡುಗಳಿಂದ ಮುಚ್ಚಲು ಹೇಳಿ: ಮೂರು ಬೇಕು. ಮೂರನೇ ಒಂದಕ್ಕೆ ಎರಡು. ಮೂರು, ಎರಡು, ಒಟ್ಟು ಐದು. ಎರಡನ್ನೂ ಮುಚ್ಚಬಲ್ಲ ಒಂದೇ ಅಳತೆಯ ತುಂಡು ಹುಡುಕುವ ಈ ಕೆಲಸಕ್ಕೇ ಲ.ಸಾ.ಅ. ಬೇಕಾಗುವುದು. ದಿನಕ್ಕೆ ಕಾಲು ಗಂಟೆಯಂತೆ ಎರಡು ವಾರ ಹೀಗೆ ಆಡಿದ ಮೇಲೆ ಪುಸ್ತಕದ ವಿಧಾನಕ್ಕೆ ಬನ್ನಿ. ಭಾಗಾಕಾರಕ್ಕೂ ಇದೇ ಪಟ್ಟಿ ಸಾಕು: 3/4 ÷ 1/8 ಎಂದರೆ ಮುಕ್ಕಾಲನ್ನು ಮುಚ್ಚಲು ಎಂಟನೇ ಒಂದರ ತುಂಡು ಎಷ್ಟು ಬೇಕು? ಆರು. ತಲೆಕೆಳಗು ಮಾಡಿ ಗುಣಿಸಿದರೂ ಅದೇ.

ಇಲ್ಲಿ ಕೆಡುವುದು ಎರಡು ಕಡೆ. ಪಟ್ಟಿಯನ್ನು ಕೈಯಲ್ಲಿ ಮಡಚಿ ಮೂರು ಸಮಭಾಗ ಮಾಡಲು ಹೋದರೆ ಒಂದು ಏಳೂವರೆ, ಇನ್ನೊಂದು ಎಂಟೂವರೆ ಸೆಂ.ಮೀ. ಆಗುತ್ತದೆ, ಮುಂದೆ ಯಾವುದೂ ಯಾವುದಕ್ಕೂ ಕೂಡಿಬರುವುದಿಲ್ಲ. ಸ್ಕೇಲಿನಿಂದಲೇ ಗುರುತು ಹಾಕಿ. ಎರಡನೆಯದು, 24 ಅನ್ನು ಐದರಿಂದ ಭಾಗಿಸಿದರೆ 4.8, ಐದನೇ ಒಂದಕ್ಕೆ ಈ ಪಟ್ಟಿ ಒಗ್ಗದು. ಅದಕ್ಕೆ 20 ಸೆಂ.ಮೀ.ನ ಬೇರೆ ಜೋಡಿ ಮಾಡಿ, ಬೇರೆ ಲಕೋಟೆಯಲ್ಲಿಡಿ. ಎರಡೂ ಬೆರೆತರೆ 6 ಸೆಂ.ಮೀ.ನದೂ ಕಾಲು, 5 ಸೆಂ.ಮೀ.ನದೂ ಕಾಲು ಆಗಿ ಗೊಂದಲ. ಆದರೆ ಕೊನೆಯ ದಿನ ಬೇಕೆಂದೇ ಬೆರೆಸಿ, ‘ಎರಡೂ ಕಾಲೇ, ಹಾಗಿದ್ದರೆ ಸಮ ಏಕಿಲ್ಲ?’ ಎಂದು ಕೇಳಿ. ‘ಯಾವುದರ ಕಾಲು?’ ಎಂದು ಮಗಳು ತಿರುಗಿ ಕೇಳಿದರೆ ಭಿನ್ನರಾಶಿ ಅರ್ಥವಾಗಿದೆ.

ಮಗ್ಗಿ ಬಾಯಿಪಾಠ ಮಾಡಿಸಬೇಕೇ, ಬೇಡವೇ? ಶಾಲೆಯಲ್ಲಿ ಒಬ್ಬರು ಬೇಕೇಬೇಕು ಎನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ ಎನ್ನುತ್ತಾರೆ.
– ಮೂರನೇ ತರಗತಿ ಬಾಲಕನ ಅಜ್ಜ, ಹಾವೇರಿ

ಬೇಕು. ಏಳೆಂಟ್ಲ ಎಷ್ಟು ಎಂದು ಬೆರಳು ಎಣಿಸುತ್ತ ಕೂತರೆ ದೊಡ್ಡ ಭಾಗಾಕಾರದ ನಡುವೆ ಮಗು ದಾರಿ ತಪ್ಪುತ್ತದೆ. ಆದರೆ ಒಂದರಿಂದ ಹತ್ತರವರೆಗಿನ ನೂರು ಗುಣಲಬ್ಧಗಳನ್ನೂ ರಾಗ ಎಳೆದು ಉರುಹೊಡೆಯಬೇಕಿಲ್ಲ. 3 × 7 ಮತ್ತು 7 × 3 ಒಂದೇ ಎಂದು ಚೌಕಳಿ ಹಾಳೆಯಲ್ಲಿ ಆಯತ ಬರೆದು, ತಿರುಗಿಸಿ ತೋರಿಸಿದರೆ ನೂರು 55ಕ್ಕೆ ಇಳಿಯುತ್ತದೆ. ಒಂದು, ಎರಡು, ಐದು, ಹತ್ತರ ಮಗ್ಗಿ ಹೇಗೂ ಬೇಗ ಬರುತ್ತದೆ. ಅವನ್ನು ತೆಗೆದರೆ ಉಳಿಯುವುದು 21. ಒಂಬತ್ತರದನ್ನು ಹತ್ತರ ಮಗ್ಗಿಯಿಂದ ಕಳೆದು ಪಡೆಯಬಹುದು (9 × 6 ಎಂದರೆ 60ರಲ್ಲಿ 6 ಕಡಿಮೆ). ಆಗ ಉಳಿಯುವುದು ಬರೀ ಹದಿನೈದು. ದಿನಕ್ಕೊಂದನ್ನು ಹಿಡಿಯಿರಿ, ಅದನ್ನೂ ಒಡೆದು ತೋರಿಸಿ: 7 × 8 ಎಂದರೆ 5 × 8 ಮತ್ತು 2 × 8, ಅಂದರೆ 40 + 16. ಮರೆತಾಗ ಮತ್ತೆ ಕಟ್ಟಿಕೊಳ್ಳಲು ಮಗುವಿಗೆ ದಾರಿ ಇರುತ್ತದೆ. ಬರೀ ರಾಗದಲ್ಲಿ ಕಲಿತ ಮಗು ಏಳೆಂಟ್ಲ ಕೇಳಿದರೆ ಏಳೊಂದ್ಲದಿಂದಲೇ ಶುರುಮಾಡಬೇಕಾಗುತ್ತದೆ.

ಅಂದಹಾಗೆ, ಕಾಲು, ಅರೆ, ಮುಕ್ಕಾಲರ ಮಗ್ಗಿ ನಿಮಗೆ ಬರುವುದಾದರೆ ಅದನ್ನೂ ಹೇಳಿಕೊಡಿ. ಮೇಲಿನ ಪ್ರಶ್ನೆಯ ಹುಡುಗಿಗೂ ಅದು ಉಪಯೋಗಕ್ಕೆ ಬರುತ್ತಿತ್ತು.

ವೇದಗಣಿತದ ತರಗತಿಗೆ ಸೇರಿಸಿದರೆ ಗಣಿತ ಸುಧಾರಿಸುತ್ತದೆಯೇ?
– ಓದುಗರು, ಬೆಂಗಳೂರು

ಕೆಲವು ಬಗೆಯ ಗುಣಾಕಾರ ಬೇಗ ಆಗುತ್ತದೆ, ಅಷ್ಟೇ. ಇದಕ್ಕೆ ಮೂಲವಾದ ಭಾರತೀ ಕೃಷ್ಣ ತೀರ್ಥರ ಪುಸ್ತಕ 1965ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ಅದರ ಸೂತ್ರಗಳು ನಮಗೆ ದೊರೆತಿರುವ ವೇದಪಾಠಗಳಲ್ಲಿ ಇಲ್ಲ. ಅದು ಬೇರೆ ಮಾತು. ಸೂತ್ರ ಕೆಲಸ ಮಾಡುವುದು ನಿಜ, ಕಾರಣ ಬೀಜಗಣಿತ. 97 × 96 ನೋಡಿ: ನೂರಕ್ಕೆ ಮೂರು ಕಡಿಮೆ, ನಾಲ್ಕು ಕಡಿಮೆ. 97ರಲ್ಲಿ 4 ಕಳೆದರೆ 93, 3 × 4 = 12, ಉತ್ತರ 9312. ಇದನ್ನೇ 88 × 87ಕ್ಕೆ ಹಚ್ಚಿದ ಮಗು 75 ಮತ್ತು 156 ಪಡೆದು 75156 ಎಂದು ಬರೆಯುತ್ತದೆ. 75 ನಿಂತಿರುವುದು ನೂರರ ಸ್ಥಾನದಲ್ಲಿ, ಆದ್ದರಿಂದ 7500 + 156 = 7656 ಎಂಬುದು (100 – 12)(100 – 13) ಬಿಡಿಸಿದವರಿಗೆ ಮಾತ್ರ ಕಾಣುತ್ತದೆ. ಬಿಡಿಸಿ ತೋರಿಸುವ ಮೇಷ್ಟರು ಸಿಕ್ಕಿದರೆ ಸೇರಿಸಿ. ‘ಇದು ಟ್ರಿಕ್, ಏಕೆ ಎಂದು ಕೇಳಬೇಡ’ ಎನ್ನುವ ಕಡೆಗೆ ದುಡ್ಡು ಸುರಿಯಬೇಡಿ.

ಎಂಟರಿಂದ ಹತ್ತನೇ ತರಗತಿಯವರಿಗೆ, ಪಠ್ಯ ಬಿಟ್ಟು ಗಣಿತದ ಯಾವ ಪುಸ್ತಕ ಕೊಡಿಸಬಹುದು? ಮಗನಿಗೆ ಆಸಕ್ತಿ ಇದೆ, ಆದರೆ ಕೊಟ್ಟ ಒಲಿಂಪಿಯಾಡ್ ಪುಸ್ತಕ ಎರಡೇ ದಿನಕ್ಕೆ ಮೂಲೆ ಸೇರಿತು.
– ಓದುಗರು, ದಾವಣಗೆರೆ

ಮೂಲೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಕೃಷ್ಣಮೂರ್ತಿ, ಪ್ರಾಣೇಶಾಚಾರ್, ರಂಗನಾಥನ್, ವೆಂಕಟಾಚಲ ಬರೆದ, ಒಲಿಂಪಿಯಾಡ್‌ಗೆ ಓದುವ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಒಳ್ಳೆಯ ಪುಸ್ತಕವೇ, ಆದರೆ ಎಂಟನೇ ತರಗತಿಯ ಮೊದಲ ಪುಸ್ತಕವಲ್ಲ. ಹತ್ತರ ಹೊತ್ತಿಗೆ ಕೊಡಿ.

ಮೊದಲಿಗೆ ರಷ್ಯಾದ ಯಾಕೊವ್ ಪೆರೆಲ್ಮನ್‌ರ ‘ಮ್ಯಾಥಮ್ಯಾಟಿಕ್ಸ್ ಕ್ಯಾನ್ ಬಿ ಫನ್’. ರೂಬಲ್, ಕೊಪೆಕ್ ಎಲ್ಲ ಬರುತ್ತವೆ. ರೂಪಾಯಿ, ಪೈಸೆ ಎಂದು ಓದಿಕೊಂಡರಾಯಿತು. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ‘ಪಜಲ್ಸ್ ಟು ಪಜಲ್ ಯು’ ಬಸ್ಸಿನಲ್ಲಿ ಓದಲು ಚೆನ್ನ. ಉತ್ತರಗಳು ಚುಟುಕು, ‘ಏಕೆ’ ಎಂಬುದನ್ನು ಓದುಗನೇ ಹುಡುಕಬೇಕು. ಒಂಬತ್ತಕ್ಕೆ ಬಂದಾಗ ಗೆಲ್ಫಾಂಡ್ ಮತ್ತು ಶೆನ್ ಬರೆದ ‘ಆಲ್ಜೀಬ್ರಾ’. ಮೊತ್ತದ ವರ್ಗದ ಸೂತ್ರವನ್ನು ನಿಮ್ಮ ತಮ್ಮನಿಗೋ ತಂಗಿಗೋ ಹೇಗೆ ವಿವರಿಸುತ್ತೀರಿ ಎಂಬುದಕ್ಕೇ ಅದರಲ್ಲೊಂದು ಭಾಗವಿದೆ. ನಮ್ಮ ಪಟ್ಟಿಯಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ಅದನ್ನೇ ಕೊಳ್ಳಿ. ಸಂಖ್ಯೆಗಳ ಮೋಹ ಹಿಡಿದವರಿಗೆ ರಿಷಿ ವ್ಯಾಲಿ ಶಾಲೆಯಲ್ಲಿ ಗಣಿತ ಕಲಿಸಿದ ಶೈಲೇಶ್ ಶಿರಾಲಿಯವರ ಪುಸ್ತಕಗಳಿವೆ. ಇವೆಲ್ಲ ಇಂಗ್ಲಿಷಿನವು, ಕನ್ನಡ ಮಾಧ್ಯಮದ ಹುಡುಗನಾದರೆ ಮೊದಲ ಹತ್ತು ಪುಟ ದೊಡ್ಡವರು ಜೊತೆಗೆ ಕೂತು ಓದಿ.

ಯಾವ ಪುಸ್ತಕ ಎಂಬುದಕ್ಕಿಂತ ಹೇಗೆ ಓದುತ್ತಾನೆ ಎಂಬುದು ಮುಖ್ಯ. ಪೆನ್ಸಿಲ್ ಇಲ್ಲದೆ ತೆರೆಯಬಾರದು. ಒಂದು ಲೆಕ್ಕಕ್ಕೆ ಕನಿಷ್ಠ ಇಪ್ಪತ್ತು ನಿಮಿಷ ಕೊಟ್ಟ ಮೇಲೆಯೇ ಉತ್ತರ ನೋಡುವುದು. ನೋಡಿದರೂ ಮೊದಲ ಸಾಲು ಮಾತ್ರ, ಮತ್ತೆ ಮುಚ್ಚಿ ಪ್ರಯತ್ನ. ಜಾರ್ಜ್ ಪೋಲ್ಯಾ 1945ರ ‘ಹೌ ಟು ಸಾಲ್ವ್ ಇಟ್’ನಲ್ಲಿ ಹೇಳಿದ ನಾಲ್ಕು ಹಂತಗಳು ಇಂದಿಗೂ ಸಾಕು: ಲೆಕ್ಕವನ್ನು ಅರ್ಥಮಾಡಿಕೋ, ಉಪಾಯ ಹೂಡು, ನಡೆಸು, ಹಿಂತಿರುಗಿ ನೋಡು.

ಭಾಸ್ಕರಾಚಾರ್ಯರ ‘ಲೀಲಾವತಿ’ಯ ತಾವರೆಯ ಲೆಕ್ಕದಲ್ಲಿ ಇದನ್ನು ಮಾಡಿ ನೋಡಿ. ಕೆರೆಯ ನೀರಿನ ಮೇಲೆ ಒಂದು ಗೇಣು, ಅಂದರೆ ಅರ್ಧ ಮೊಳ, ತಾವರೆ ಎದ್ದು ನಿಂತಿದೆ. ಗಾಳಿಗೆ ಬಾಗಿ, ಎರಡು ಮೊಳ ದೂರದಲ್ಲಿ ಮುಳುಗಿತು. ನೀರಿನ ಆಳವೆಷ್ಟು? ಚಿತ್ರ ಬರೆಯದೆ ಹೊರಟವರು ಆಳವನ್ನೇ ವಿಕರ್ಣ ಮಾಡಿ ಕೆಡುತ್ತಾರೆ. ಬುಡ ಕದಲುವುದಿಲ್ಲ, ದಂಟಿನ ಉದ್ದ ಬದಲಾಗುವುದಿಲ್ಲ; ಆದ್ದರಿಂದ ವಿಕರ್ಣವಾಗುವುದು ದಂಟು. ಆಳ d ಆದರೆ ದಂಟು d + 1/2. ಪೈಥಾಗೊರಸ್ ಪ್ರಮೇಯದಿಂದ d² + 4 = (d + 1/2)². ಬಿಡಿಸಿದರೆ d² ಎರಡೂ ಕಡೆ ಹೋಗಿ d = 3¾ ಮೊಳ. ಇಲ್ಲಿಗೆ ಪುಸ್ತಕ ಮುಚ್ಚುವವರೇ ಹೆಚ್ಚು, ಆದರೆ ನಾಲ್ಕನೇ ಹಂತ ಬಾಕಿ ಇದೆ. 3.75ರ ವರ್ಗ 14.0625, 4 ಕೂಡಿಸಿದರೆ 18.0625; ಅದು 4.25ರ ವರ್ಗವೇ. ಇನ್ನೂ ಮುಂದೆ: ತಾವರೆ ಒಂದು ಮೊಳ ಮೇಲಿದ್ದು, ಎರಡೇ ಮೊಳ ದೂರದಲ್ಲಿ ಮುಳುಗಿದ್ದರೆ? ಆಳ ಒಂದೂವರೆ ಮೊಳಕ್ಕೆ ಇಳಿಯುತ್ತದೆ. ಏಕೆ ಅಷ್ಟು ಇಳಿಯಿತು ಎಂದು ಮಗ ಯೋಚಿಸಲಿ.

ಪ್ರೌಢಶಾಲೆಯಲ್ಲಿ ಗಣಿತ ಸಂಘ ಮಾಡಿದ್ದೇವೆ. ಸಲಕರಣೆಗೆ ದುಡ್ಡಿಲ್ಲ. ನಲವತ್ತು ನಿಮಿಷದ ಒಂದು ಚಟುವಟಿಕೆ ತಿಳಿಸಿ.
– ಶಿಕ್ಷಕಿ, ಕೊಪ್ಪಳ ಜಿಲ್ಲೆ

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ.ಆರ್. ಕಾಪ್ರೇಕರ್ ಅವರ 6174 ಎಲ್ಲರಿಗೂ ಗೊತ್ತು. ನಾಲ್ಕಂಕಿಯ ಒಂದು ಸಂಖ್ಯೆ (ನಾಲ್ಕೂ ಅಂಕಿ ಒಂದೇ ಆಗಿರಬಾರದು), ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದದ್ದರಿಂದ ಏರಿಕೆ ಕ್ರಮದಲ್ಲಿ ಬರೆದದ್ದನ್ನು ಕಳೆಯುತ್ತ ಹೋದರೆ ಏಳು ಹೆಜ್ಜೆಯೊಳಗೆ 6174. ಉದಾಹರಣೆಗೆ 3524: 5432 – 2345 = 3087; 8730 – 0378 = 8352; 8532 – 2358 = 6174. ಮಕ್ಕಳು ಎಡವುವುದು ಸೊನ್ನೆಯಲ್ಲಿ. 2111 ತೆಗೆದುಕೊಂಡರೆ 2111 – 1112 = 999 ಎಂದು ಬರೆದು ‘ನಿಂತುಹೋಯಿತು ಮಿಸ್’ ಎನ್ನುತ್ತಾರೆ. ಅದನ್ನು 0999 ಎಂದು ಬರೆಸಿ; ಮುಂದೆ 9990 – 0999 = 8991.

ಆದರೆ ಸಂಘಕ್ಕೆ ನಮ್ಮ ಸಲಹೆ ಮೂರಂಕಿಯದು. 6174 ಅಚ್ಚರಿ ಮಾತ್ರ ಕೊಡುತ್ತದೆ. ಮೂರಂಕಿಯದನ್ನು ಎಂಟನೇ ತರಗತಿಯವರೇ ಪೂರ್ತಿ ಸಾಧಿಸಬಹುದು. ಮೊದಲ ಹತ್ತು ನಿಮಿಷ ತಲೆಗೊಂದು ಸಂಖ್ಯೆ (ಇಲ್ಲೂ ಮೂರೂ ಅಂಕಿ ಒಂದೇ ಆಗಿರಬಾರದು) ಹಿಡಿದು ಕಳೆಯಲಿ. ಎಲ್ಲರೂ 495ಕ್ಕೆ ಬಂದು ನಿಲ್ಲುತ್ತಾರೆ. ಮೊದಲ ಕಳೆಯುವಿಕೆಯ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆಸಿ. ನಡುವಿನ ಅಂಕಿ ಯಾವಾಗಲೂ 9 ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ನೀವು ಮೊದಲೇ ಹೇಳಿಬಿಡಬೇಡಿ. ಆಮೇಲೆ ಅಕ್ಷರಕ್ಕೆ ಬನ್ನಿ: ದೊಡ್ಡ ಅಂಕಿ a, ನಡುವಿನದು b, ಚಿಕ್ಕದು c. (100a + 10b + c) – (100c + 10b + a) = 99(a – c). ನಡುವಿನ b ಮಾಯ! a – c ಒಂದರಿಂದ ಒಂಬತ್ತರೊಳಗೆ ಇರಲೇಬೇಕು. ಹಾಗಾಗಿ ಮೊದಲ ಹೆಜ್ಜೆಯ ಉತ್ತರ 099, 198, 297, 396, 495, 594, 693, 792, 891 ಈ ಒಂಬತ್ತರಲ್ಲಿ ಒಂದು. ಒಂಬತ್ತನ್ನೂ ಬೋರ್ಡಿನಲ್ಲಿ ಹಂಚಿ ಬರೆದು ಬಾಣ ಹಾಕಿಸಿ: 099ರಿಂದ 891, ಅಲ್ಲಿಂದ 792, 693, 594, 495. ಉಳಿದವೂ ಇದೇ ಸಾಲಿಗೆ ಬಂದು ಸೇರುತ್ತವೆ. ಒಂಬತ್ತೇ ಬಾಣಗಳಲ್ಲಿ ಎಲ್ಲ ಮೂರಂಕಿ ಸಂಖ್ಯೆಗಳ ಮಾತೂ ಮುಗಿಯಿತು. ಸಮಯ ಉಳಿದರೆ ಎರಡಂಕಿ ಕೊಡಿ. ಅದು ಎಲ್ಲೂ ನಿಲ್ಲದೆ 09, 81, 63, 27, 45 ಎಂದು ಸುತ್ತುತ್ತಲೇ ಇರುತ್ತದೆ.

ಕರ್ನಾಟಕದ ಹಳೆಯ ಗಣಿತಜ್ಞರಲ್ಲಿ ತರಗತಿಗೆ ಬಳಸುವಂಥದ್ದು ಏನಾದರೂ ಇದೆಯೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರು

ಬೇಕಾದಷ್ಟಿದೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಅದಕ್ಕೂ ಮೊದಲು, ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ರಚಿಸಿದ. ಅದರಲ್ಲಿ ಆರು ರಸಗಳ ಲೆಕ್ಕವಿದೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಇವನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಸೇರಿಸುವವರೆಗೆ ಎಷ್ಟು ಬಗೆ? 6 + 15 + 20 + 15 + 6 + 1, ಒಟ್ಟು 63. ವಿಕಲ್ಪಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.

ಆತ ಎಡವಿದ ಜಾಗವೂ ಪಾಠಕ್ಕೆ ಒದಗುತ್ತದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎನ್ನುತ್ತಾನೆ. 12 ÷ 0 = 12 ಆದರೆ 12 × 0 ಎಷ್ಟಾಗಬೇಕು ಎಂದು ಮಕ್ಕಳನ್ನು ಕೇಳಿ. ಅದೇ ಮಹಾವೀರ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಖಚಿತವಾಗಿ ಹೇಳಿದವನು.

ಮನೆಯಲ್ಲಿ ಕ್ಯಾಲ್ಕುಲೇಟರ್ ಮುಟ್ಟಲು ಬಿಡಬಹುದೇ?
– ಓದುಗರು, ಮಂಗಳೂರು

ಆರನೇ ತರಗತಿಯಿಂದ ಬಿಡಿ, ಒಂದು ಷರತ್ತಿನ ಮೇಲೆ: ಗುಂಡಿ ಒತ್ತುವ ಮುಂಚೆ ಅಂದಾಜು ಉತ್ತರ ಬರೆದಿರಬೇಕು. 198 × 52 ಎಂದರೆ 200 × 50, ಹತ್ತು ಸಾವಿರದ ಆಸುಪಾಸು. ತೆರೆಯ ಮೇಲೆ 1029.6 ಬಂದರೆ ಎಲ್ಲೋ ಚುಕ್ಕಿ ತಪ್ಪಿ ಒತ್ತಿದ್ದಾನೆ ಎಂದು ಅವನಿಗೇ ತಿಳಿಯುತ್ತದೆ, ಸರಿಯಾದದ್ದು 10,296. ಮಹಾವೀರಾಚಾರ್ಯ ಹೂಮಾಲೆಯಂತೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಅವನ್ನೂ ಒತ್ತಿ ನೋಡಲಿ: 139 × 109, 12345679 × 9, 152207 × 73. ಕೊನೆಯದರಲ್ಲಿ ಎಂಟು ಒಂದುಗಳು ಸಾಲಾಗಿ ಬರುತ್ತವೆ. ಏಕೆ ಎಂದು ಹುಡುಕುವವರಿಗೆ ಸುಳಿವು: 73 × 137 = 10001.