ಕೊಲೆಸ್ಟ್ರಾಲ್ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ

ಕುಮಟಾದವ್ರೇ, ಅಮ್ಮಂಗೆ 78, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ ಶುರು ಮಾಡಿದ್ಮೇಲೆ ಮರೆವು ಜಾಸ್ತಿ ಆದಂಗಿದೆ, ನಿಲ್ಲಿಸ್ಲಾ ಅಂತ ಕೇಳಿದೀರಿ. ನಾನು ಶಿರಸಿ ಕಡೆಯವ, ನಮ್ಮನೆ ಆಯಿಗೂ ಹಿಂಗೇ ಆಗಿತ್ತು, ನಿಮ್ಮ ಸಂಕಟ ಗೊತ್ತಾಗ್ತದೆ.

ಅನುಮಾನ ಸುಳ್ಳಲ್ಲ. ಸ್ಟಾಟಿನ್ ಅನ್ನೋ ಈ ಗುಂಪಿನ ಮಾತ್ರೆಗಳಿಂದ ಕೆಲವ್ರಿಗೆ ಮರೆವು, ಗೊಂದಲ ಆಗ್ಬಹುದು, ಬಿಟ್ರೆ ಸಾಮಾನ್ಯವಾಗಿ ಸರಿಹೋಗ್ತದೆ ಅಂತ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಬಲ್ಲಲ್ಲೇ ಸೇರಿಸ್ತು. ಆದ್ರೆ 70ರಿಂದ 82 ವಯಸ್ಸಿನ 5,800ಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧ ಜನಕ್ಕೆ ಪ್ರಾವಸ್ಟಾಟಿನ್ ಅನ್ನೋ ಇನ್ನೊಂದು ಸ್ಟಾಟಿನ್, ಉಳಿದವ್ರಿಗೆ ಔಷಧ ಇಲ್ಲದ ಮಾತ್ರೆ ಕೊಟ್ಟು ಮೂರು ವರ್ಷ ನೋಡಿದ ಪ್ರಾಸ್ಪರ್ ಅನ್ನೋ ಟ್ರಯಲ್‌ನಲ್ಲಿ ನೆನಪಿನ ಶಕ್ತಿಗೆ ವ್ಯತ್ಯಾಸ ಕಾಣ್ಲಿಲ್ಲ. ಡಿಮೆನ್ಶಿಯಾ ಕಡಿಮೆ ಆಗ್ಲಿ ಅಂತ ಕೊಟ್ರೂ ಪ್ರಯೋಜನ ಇಲ್ಲ, ಅದು ಹಾರ್ಟಿಗೆ, ಸ್ಟ್ರೋಕ್ ತಡಿಯೋಕೆ ಅಷ್ಟೇ.

ಅದಕ್ಕೇ ಅಮ್ಮಂಗೆ ಹಿಂದೆ ಹಾರ್ಟ್ ಅಟ್ಯಾಕ್, ಸ್ಟೆಂಟ್, ಸ್ಟ್ರೋಕ್ ಏನಾದ್ರೂ ಆಗಿದ್ರೆ ನೀವಾಗೇ ನಿಲ್ಲಿಸೋದು ಬೇಡವೇ ಬೇಡ. ಏನೂ ಆಗಿಲ್ಲ, ಬರೀ ರಿಪೋರ್ಟ್ ನೋಡಿ ಕೊಟ್ಟಿದ್ದು ಅಂದ್ರೆ, ಈ ವಯಸ್ಸಲ್ಲಿ ಇನ್ನೂ ಬೇಕಾ ಅಂತ ಡಾಕ್ಟರ್ ಹತ್ರ ಧೈರ್ಯವಾಗಿ ಕೇಳಿ, ಕೆಲವು ವಾರ ಬಿಟ್ಟು ನೋಡೋಣ್ವಾ ಅಂತಾನೂ ಕೇಳಬಹುದು.

ನಮ್ಮ ಆಯಿಗೆ ಕೊನೆಗೆ ಗೊತ್ತಾಗಿದ್ದು, ಸ್ಟಾಟಿನ್ ಅಲ್ಲ, ರಾತ್ರಿ ನೆಗಡಿಗೆ ಅಂತ ನಾವೇ ತಂದು ಕೊಡ್ತಾ ಇದ್ದ ನಿದ್ದೆ ಬರೋ ಮಾತ್ರೆ! ಅದು ಬಿಟ್ಮೇಲೆ ಬೆಳಗಿನ ಮಂಕು ಎಷ್ಟೋ ಕಡಿಮೆ ಆಯ್ತು. ಹಂಗಾಗಿ ಎಲ್ಲಾ ಮಾತ್ರೆ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ ತೋರಿಸಿ, ವಿಟಮಿನ್ ಬಿ12, ಥೈರಾಯ್ಡ್ ಟೆಸ್ಟೂ ಮಾಡ್ಸಿ. ಮಾತ್ರೆ ಯಾವ ತಿಂಗಳು ಶುರು ಆಗಿದ್ದು, ಮರೆವು ಯಾವಾಗ ಹೆಚ್ಚಾಗಿದ್ದು ಅಂತ ಬರ್ಕೊಂಡು ಹೋಗಿ.